ಮನೆ ತೋರಿಸಲು ಹೋಗಿ ದಾರಿ ತಪ್ಪಿದ್ದು

"ದಲ್ಲಾಳಿಯೇ? ನನ್ನ ಮನೆ ಮಾರಲು ನನಗೆ ದಲ್ಲಾಳಿ ಬೇಕೇ? ಬಾಯಿ ತೆರೆದರೆ ಮರುಭೂಮಿಯಲ್ಲಿ ಮರಳು ಮಾರಿ ಬರುವ ಗಂಡು ನಾನು!" ಎಂದು ಹೆಂಡತಿಯ ಮುಂದೆ ಘೋಷಿಸಿದೆ.

ಊರಾಚೆಯ ಈ ಬಡಾವಣೆಯಿಂದ ಆಫೀಸಿಗೆ ಬಸ್ಸು ಹಿಡಿದು ಹಿಡಿದು ನನಗೆ ಸಾಕಾಗಿತ್ತು. ಬೆಳಕು ಹರಿಯುವ ಮುನ್ನ ಹೊರಟರೆ ಮರಳುವುದು ಕತ್ತಲಾದ ಮೇಲೆ. ಭಾನುವಾರವಿಡೀ ನಿದ್ದೆ. ಹಾಗಾಗಿ ಈ ಮನೆ ಮಾರಿ ಆಫೀಸಿನ ಪಕ್ಕದಲ್ಲೇ ಫ್ಲ್ಯಾಟು ಕೊಳ್ಳುವುದೆಂದು ತೀರ್ಮಾನಿಸಿದ್ದೆ. ಹೆಂಡತಿ ಹೂಂ ಎನ್ನಲಿಲ್ಲ, ಊಹೂಂ ಎನ್ನಲೂ ಇಲ್ಲ.

ಮನೆ ನೋಡಲು ಒಬ್ಬ ಶಾಲಾ ಮೇಷ್ಟ್ರು, ನರ್ಸ್ ಆಗಿದ್ದ ತಮ್ಮ ಹೆಂಡತಿಯ ಜೊತೆ ಬಂದರು. ನರ್ಸಮ್ಮ ಪ್ರತಿ ಕಿಟಕಿಯನ್ನೂ ತೆರೆದು, ಮುಚ್ಚಿ ಪರೀಕ್ಷಿಸಿದರು. ಮೇಷ್ಟ್ರು ಕೇಳಿದರು: "ಸುತ್ತಮುತ್ತ ಏನೇನ್ ಅನುಕೂಲ ಇದೆ?"

"ಏನಿಲ್ಲ ಅಂತ ಕೇಳಿ! ಪಾರ್ಕು, ಕೊಳ, ಲೈಬ್ರರಿ... ಬನ್ನಿ, ನಾನೇ ತೋರಿಸ್ತೀನಿ!"

ಇವೆಲ್ಲ ಇವೆಯೆಂದು ಹೆಂಡತಿಯ ಬಾಯಲ್ಲಿ ಕೇಳಿದ್ದೆ. ಎಲ್ಲಿವೆ ಎಂದು ಕೇಳಿರಲಿಲ್ಲ!

ಎಡಕ್ಕೆ ತಿರುಗಿದೆವು, ಬಲಕ್ಕೆ ತಿರುಗಿದೆವು. ಎತ್ತ ನೋಡಿದರೂ ಮರ, ಮರ, ಮರ! ನಮ್ಮ ದಂಡಯಾತ್ರೆ ಮತ್ತೆ ನಮ್ಮ ಮನೆಯ ಗೇಟಿಗೇ ಬಂದು ನಿಂತಿತು. ಕೊನೆಗೆ ಮಾನ ಬಿಟ್ಟು, ನಾಯಿಯೊಡನೆ ಹೊರಟಿದ್ದ ಅಜ್ಜಿಯೊಬ್ಬರನ್ನು ಪಾರ್ಕಿನ ದಾರಿ ಕೇಳಿದೆ.

"ಹೊಸದಾಗಿ ಬಂದ್ಯೇನಪ್ಪ?"

"ಇಲ್ಲಜ್ಜಿ, ಇದೇ ನಮ್ಮನೆ."

"ಅಯ್ಯೋ, ಈ ಮನೆಯವಳ ಗಂಡನಾ ನೀನು! ಫಾರಿನ್‌ನಲ್ಲಿದ್ದೀಯ ಅಂದ್ಕೊಂಡಿದ್ನಲ್ಲೋ!"

ಮೇಷ್ಟ್ರಿಗೆ ಕೆಮ್ಮು ಬಂತು. ಅದು ಕೆಮ್ಮಲ್ಲವೆಂದು ನನಗೆ ಗೊತ್ತು.

ಅಜ್ಜಿಯ ಹಿಂದೆ, ನಾಯಿಯ ಹಿಂದೆ, ನಾವು ಪಾರ್ಕು ಹೊಕ್ಕೆವು. ಕೊಂಬೆಗಳು ತಲೆಯ ಮೇಲೆ ಕೈ ಕೈ ಹಿಡಿದು ನಿಂತಿದ್ದವು. ಕೊಳದಲ್ಲಿ ಬಾತುಕೋಳಿಗಳು. ಮಾರಲು ಬಂದ ನಾನೇ ಬಾಯಿ ತೆರೆದುಕೊಂಡು ನೋಡಿದೆ!

"ಕೊಳ ಆಳ ಇದೆಯಾ? ನಮಗೆ ಚಿಕ್ಕ ಮಗು ಇದೆ," ಎಂದರು ನರ್ಸಮ್ಮ.

"ಛೇ, ಮೊಣಕಾಲುದ್ದ! ನೋಡಿ ಬೇಕಾದ್ರೆ..." ಎನ್ನುತ್ತಾ ಅಂಚಿನ ಪಾಚಿಗಲ್ಲಿನ ಮೇಲೆ ಕಾಲಿಟ್ಟೆ. ದುಡುಂ! ನೀರು ಎದೆಯವರೆಗೆ. ಬಾತುಕೋಳಿಗಳು ನನ್ನನ್ನು ಬೈದುಕೊಳ್ಳುತ್ತಾ ದೂರ ಸರಿದವು.

"ಯಾರ ಮೊಣಕಾಲು ಸಾರ್?" ಎಂದು ಕೈ ಚಾಚಿದರು ಮೇಷ್ಟ್ರು.

ಇಡೀ ಪಾರ್ಕೇ ಓಡಿಬಂತು. ಯಾರೋ ಟವೆಲ್ ಹೊದಿಸಿದರು. ಯಾರೋ ಫ್ಲಾಸ್ಕಿನಿಂದ ಬಿಸಿ ಚಹಾ ಕೊಟ್ಟರು. ಪಾರ್ಕಿನ ಪಕ್ಕದಲ್ಲೇ ಇದ್ದ ಲೈಬ್ರರಿಯವರು ತಮ್ಮ ಕೋಟನ್ನೇ ತಂದರು. ಹೆಸರೂ ಗೊತ್ತಿಲ್ಲದ ಇಷ್ಟು ಜನ ನನ್ನ ನೆರೆಹೊರೆಯವರಾಗಿದ್ದರೇ? ಬೆಂಚಿನ ಮೇಲೆ ಬಿಸಿಲು ಕಾಯಿಸುತ್ತಾ ಕುಳಿತವನಿಗೆ ಎದ್ದು ಹೋಗುವ ಮನಸ್ಸೇ ಬರಲಿಲ್ಲ.

"ನಮಗೆ ಈ ಜಾಗ ತುಂಬಾ ಹಿಡಿಸ್ತು. ಮಾತು ಮುಗಿಸೋಣ್ವಾ?" ಎಂದರು ಮೇಷ್ಟ್ರು.

"ಕ್ಷಮಿಸಿ. ನನಗೂ ಈಗಷ್ಟೇ ಹಿಡಿಸ್ತು!"

ನರ್ಸಮ್ಮನ ಮುಖ ಬಾಡಿತು. ಅಷ್ಟರಲ್ಲಿ ಅಜ್ಜಿ, "ನಮ್ಮ ಪಕ್ಕದ ಮನೇನೂ ಮಾರಾಟಕ್ಕಿದೆ, ಬನ್ನಿ," ಎಂದು ಅವರಿಬ್ಬರನ್ನೂ ನಾಯಿಯನ್ನೂ ಎಳೆದುಕೊಂಡು ಹೊರಟೇಬಿಟ್ಟರು.

ನೀರು ತೊಟ್ಟಿಕ್ಕಿಸುತ್ತಾ ಮನೆಗೆ ಬಂದು, ಎದೆಯುಬ್ಬಿಸಿ ಸಾರಿದೆ: "ಈ ಮನೆ ಮಾರಲ್ಲ! ಇದು ನನ್ನ ಅಂತಿಮ ತೀರ್ಮಾನ!"

"ನಿಮ್ಮ ತೀರ್ಮಾನಾನಾ?" ಹೆಂಡತಿ ಒಣಬಟ್ಟೆ ಎಸೆದಳು. "ಮನೆ ಇರೋದು ನನ್ನ ಹೆಸರಲ್ಲಿ ಕಣ್ರೀ. ನಾನು ಸಹಿ ಹಾಕ್ದೆ ಹೇಗೆ ಮಾರ್ತಿದ್ರಿ?"

"ಮತ್ತೆ... ಮೊದಲೇ ಹೇಳಬಾರದಿತ್ತಾ?"

"ಹೇಳಿದ್ರೆ ನೀವು ಪಾರ್ಕಿಗೆ ಹೋಗ್ತಿದ್ರಾ?"