ಹುಳಕ್ಕೆ ಜ್ವರ, ನನಗೆ ನೆಮ್ಮದಿ

ಇನ್ನು ಈ ಜನ್ಮದಲ್ಲಿ ಯಾರ ಮೇಲೂ ರೇಗುವುದಿಲ್ಲ ಎಂದು ಆ ಶನಿವಾರ ಸಾಯಂಕಾಲ ಹುತ್ತೂರಿನ ಬಸ್ಸಿನಲ್ಲಿ ಕಂಬಿ ಹಿಡಿದು ನಿಂತುಕೊಂಡೇ ಪ್ರತಿಜ್ಞೆ ಮಾಡಿದೆ. ಭೀಷ್ಮನೂ ಪ್ರತಿಜ್ಞೆ ಮಾಡಿದ, ಸರಿ. ಆದರೆ ಆಗ ಅವನ ಕಾಲನ್ನು ಯಾರೂ ತುಳಿದು ನಿಂತಿರಲಿಲ್ಲ. ನನ್ನ ಎಡಗಾಲಿನ ಮೇಲೆ ಖಾಲಿ ಟೊಮೆಟೊ ಕ್ರೇಟು ಹಿಡಿದ ಒಬ್ಬ ಮಹಾಶಯರು ಸ್ವಂತ ಜಾಗದ ಹಾಗೆ ನಿಂತಿದ್ದರು. ಆದರೂ ರೇಗಲಿಲ್ಲ. ಹತ್ತರವರೆಗೆ ಎಣಿಸಿದೆ. ಅವರು ಕಾಲು ತೆಗೆಯಲಿಲ್ಲ. ಮತ್ತೆ ಒಂದರಿಂದ ಶುರು ಮಾಡಿದೆ. ಹುತ್ತೂರು ಬರುವ ಹೊತ್ತಿಗೆ ನನ್ನ ಕಾಲಿಗೂ ಎಣಿಕೆಗೂ ಜೋಮು ಹಿಡಿದಿತ್ತು.

ಈ ಎಣಿಸುವ ವಿದ್ಯೆ ಅವತ್ತೇ ಕಲಿತದ್ದು. ಕೋಲಾರದಲ್ಲಿ ನಾನು ಗುಮಾಸ್ತೆಯಾಗಿರುವ ಸಹಕಾರ ಸಂಘದವರು ನಮಗೆಲ್ಲ ‘ಗಡಿಬಿಡಿಯ ಬದುಕಿನಲ್ಲಿ ಮನಸ್ಸಿನ ಆರೋಗ್ಯ’ ಎಂಬ ಶಿಬಿರ ಏರ್ಪಡಿಸಿದ್ದರು. ಯಾವಾಗ? ಊಟದ ಹೊತ್ತಿನಲ್ಲಿ! ಹಸಿದ ಹೊಟ್ಟೆಯಲ್ಲಿ ಕಣ್ಣು ಮುಚ್ಚಿ ಉಸಿರು ಎಳೆದುಕೊಳ್ಳಿ ಎಂದರು. ಎಳೆದುಕೊಂಡೆವು. ಪಕ್ಕದ ಹೋಟೆಲಿನ ಸಾಂಬಾರಿನ ವಾಸನೆ ಬಂತು. ಬಿಡುವಷ್ಟರಲ್ಲಿ ನಮ್ಮ ಮ್ಯಾನೇಜರ್ ಶ್ರೀಧರ್ ಸಾರ್ ಹಿಂದಿನಿಂದ ಬಂದು, ತಿಂಗಳ ಸ್ಟೇಟ್‌ಮೆಂಟ್ ಸಂಜೆಯೊಳಗೆ ಹೋಗಲೇಬೇಕು ಎಂದು ಕಿವಿಯಲ್ಲಿ ಉಸುರಿದರು. ಅವರ ಮನಸ್ಸಿನ ಆರೋಗ್ಯ ಬಹಳ ಚೆನ್ನಾಗಿದೆ. ಅವರಿಗಿರುವ ಚಿಂತೆಯನ್ನೆಲ್ಲ ನಮ್ಮ ತಲೆಗೆ ವರ್ಗಾಯಿಸಿಬಿಡುತ್ತಾರಲ್ಲ, ಇನ್ನೇನು!

ಆದರೆ ಪಾಠ ಹೇಳಲು ಬಂದಿದ್ದ ಮೇಡಂ ಒಂದು ಮಾತು ಹೇಳಿದರು. ದಿನಕ್ಕೊಂದು ಗಂಟೆ ನಿಮಗೋಸ್ಕರ ಇಟ್ಟುಕೊಳ್ಳಿ, ಬಾಗಿಲು ಹಾಕಿಕೊಳ್ಳಿ, ಆ ಹೊತ್ತಿನಲ್ಲಿ ಯಾರ ಕೈಗೂ ಸಿಗಬೇಡಿ ಎಂದು. ನಗಬೇಡಿ, ಆ ಮಾತು ನನಗೆ ಬೇಕಾಗಿತ್ತು. ಹಿಂದಿನ ವಾರ ಚಪಾತಿ ಲಟ್ಟಿಸುತ್ತಾ ಲಟ್ಟಿಸುತ್ತಾ ಕಾರಣವೇ ಇಲ್ಲದೆ ಅತ್ತಿದ್ದೆ. ಹಾಸಿಗೆಗೆ ಬಿದ್ದರೆ ನಿದ್ದೆ ಹತ್ತುತ್ತಿರಲಿಲ್ಲ, ಹತ್ತಿದರೆ ಕನಸಿನಲ್ಲೂ ಬಸ್ಸು ತಪ್ಪುತ್ತಿತ್ತು. ಎದೆಯೊಳಗೆ ಯಾವಾಗಲೂ ಕುಕ್ಕರಿನ ವಿಸಿಲ್ಲು ಬರುವುದಕ್ಕೆ ಮುಂಚಿನ ಆ ಕೊತಕೊತ. ನನಗೆ ಆ ಒಂದು ಗಂಟೆ ಬೇಕೇ ಬೇಕಾಗಿತ್ತು.

ಮನೆಗೆ ಬಂದವಳೇ ರೂಮಿನ ಬಾಗಿಲು ಹಾಕಿಕೊಂಡೆ. ನಮ್ಮ ಮನೆಯವರು, ಅಂದರೆ ವೆಂಕಟ್, ಫೋನಿನ ಚಾರ್ಜರ್ ಎಲ್ಲಿ ಎಂದು ಬಡಿದರು. ಅದು ಅವರ ಫೋನಿಗೇ ನೇತಾಡುತ್ತಿತ್ತು. ಹಿಂದೆಯೇ ಮಾವ ಸೊಣ್ಣಪ್ಪನವರು ಬಿ.ಪಿ. ಮಾತ್ರೆ ಎಲ್ಲಿ ಎಂದು ಬಡಿದರು. ಮಾತ್ರೆ ಅವರ ಅಂಗಿಯ ಜೇಬಿನಲ್ಲಿತ್ತು, ಬಿ.ಪಿ. ಮಾತ್ರ ನನಗೆ ಬಂತು! ತಾರಸಿಗೆ ಹೋಗಿ ಕೂತೆ. ಪಕ್ಕದ ತಾರಸಿಯಲ್ಲಿ ಬಟ್ಟೆ ಒಣಹಾಕುತ್ತಿದ್ದ ಶಹರ್ ಬಾನು ಅಕ್ಕ, ಒಬ್ಬಳೇ ಯಾಕಮ್ಮಾ ಕೂತಿದ್ದೀಯ, ಜಗಳ ಆಯಿತಾ ಎಂದು ಕಕ್ಕುಲಾತಿಯಿಂದ ಕೇಳಿದರು. ಇಲ್ಲ ಅಕ್ಕ ಎಂದೆ. ಇಲ್ಲ ಎಂದದ್ದರಿಂದ ಅವರಿಗೆ ಗ್ಯಾರಂಟಿಯಾಯಿತು. ಕೆಳಗಿಳಿಯುವಷ್ಟರಲ್ಲಿ ನಾನು ತವರಿಗೆ ಹೊರಟು ನಿಂತಿದ್ದೇನೆ ಎಂದು ಬೀದಿಗೆಲ್ಲ ಗೊತ್ತಾಗಿತ್ತು. ಕೊನೆಗೆ ಬಚ್ಚಲುಮನೆ ಸೇರಿದೆ. ಅಲ್ಲಿಗೂ ಬಂದು ಬಡಿದರು. ಯಾರು ಎಂದು ಕೇಳಬೇಡಿ, ಸರದಿಯ ಮೇಲೆ ಬಡಿದರು.

ಈಗ ನಮ್ಮ ಮನೆಯ ನಿಜವಾದ ಯಜಮಾನರ ಪರಿಚಯ ಮಾಡಿಕೊಡಬೇಕು. ನಮ್ಮದು ರೇಷ್ಮೆ ಸಾಕುವ ಮನೆ. ಹಿತ್ತಲಲ್ಲಿ ಹುಳುಗಳಿಗೆಂದೇ ಒಂದು ಮನೆಯಿದೆ, ಕಿಟಕಿಗಳಿಗೆ ಜಾಲರಿ ಹೊಡೆದು, ಒಳಗೆ ಅಂತಸ್ತು ಅಂತಸ್ತಾದ ಅಟ್ಟಣಿಗೆಗಳಲ್ಲಿ ಹುಳು ಬಿಟ್ಟಿರುತ್ತಾರೆ. ಈ ಹುಳುಗಳು ಹಗಲೂ ರಾತ್ರಿ ಹಿಪ್ಪುನೇರಳೆ ಸೊಪ್ಪು ಮೇಯುತ್ತವೆ. ಮಧ್ಯೆ ಮಧ್ಯೆ ಮೇವು ಬಿಟ್ಟು, ತಲೆಯೆತ್ತಿ, ಅಲ್ಲಾಡದೆ ಕೂತು ಪೊರೆ ಬಿಡುತ್ತವೆ. ಇದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತಾರೆ. ಒಂದು ಬೆಳೆಗೆ ನಾಲ್ಕು ಜ್ವರ. ಮೊದಲಿನ ಎರಡು ಮುಗಿದ ಮೇಲೆ ನಾವು ಹುಳು ತರುತ್ತೇವೆ, ಮೂರನೆಯದೂ ನಾಲ್ಕನೆಯದೂ ನಮ್ಮ ಮನೆಯಲ್ಲೇ.

ಹುಳು ಜ್ವರಕ್ಕೆ ಕೂತವೆಂದರೆ ಮುಗಿಯಿತು, ಮನೆಯಲ್ಲಿ ಯಾರೂ ಸದ್ದು ಮಾಡುವಂತಿಲ್ಲ. ಇದು ನಮ್ಮ ಅತ್ತೆ ದೊಡ್ಡಮುನಿಯಮ್ಮನವರ ಕಾನೂನು. ಟೀವಿ ಇಲ್ಲ, ಮಿಕ್ಸಿ ಇಲ್ಲ. ವೆಂಕಟ್ ಬೈಕನ್ನು ಬೀದಿ ತುದಿಯಲ್ಲೇ ಆಫ್ ಮಾಡಿ ತಳ್ಳಿಕೊಂಡು ಬರುತ್ತಾರೆ. ಫೋನಿನಲ್ಲಿ ಮಾತಾಡಿದರೆ ಮುಳಬಾಗಿಲಿಗೆ ಫೋನಿಲ್ಲದೆಯೂ ಕೇಳಿಸಬೇಕು, ಅಂಥ ಗಂಟಲಿನ ನಮ್ಮ ಮಾವ ಅವತ್ತು ಕೆಮ್ಮು ಬಂದರೂ ಟವಲು ಕಚ್ಚಿಕೊಳ್ಳುತ್ತಾರೆ. ಅತ್ತೆ ಒಬ್ಬರೇ ಒಳಗೆ ಕಾವಲು ಕೂರುತ್ತಾರೆ. ಪಾಪ, ಈ ವಯಸ್ಸಿನಲ್ಲಿ ಅದೆಷ್ಟು ದುಡಿಯುತ್ತಾರೆ ಎಂದು ನಾನು ಮದುವೆಯಾಗಿ ಬಂದಾಗಿನಿಂದ ತುದಿಗಾಲಲ್ಲಿ ಹೋಗಿ ಕಿಟಕಿಯ ಕಟ್ಟೆಯ ಮೇಲೆ ಕಾಫಿ ಇಟ್ಟು ಬರುತ್ತಿದ್ದೇನೆ.

ಹೇಳಿ, ಹೊಟ್ಟೆ ಉರಿಯುವುದೋ ಇಲ್ಲವೋ? ಹುಳುಗಳಿಗೆ ಜ್ವರ ಬಂದರೆ ಇಡೀ ಮನೆ ಉಸಿರು ಬಿಗಿಹಿಡಿಯುತ್ತದೆ. ನನಗೆ ಜ್ವರ ಬಂದರೆ, ಒಂದು ಮಾತ್ರೆ ನುಂಗಿ ಸಾರಿಗೆ ಒಗ್ಗರಣೆ ಹಾಕಿಬಿಡು ಎನ್ನುತ್ತದೆ!

ಮಾರನೆಯ ದಿನ ಭಾನುವಾರ. ಹುಳುಗಳು ನಾಲ್ಕನೇ ಜ್ವರಕ್ಕೆ ಕೂತಿದ್ದವು. ಅತ್ತೆ ಟೇಕಲ್ಲಿನಲ್ಲಿ ಅಣ್ಣನ ಮೊಮ್ಮಗುವಿನ ನಾಮಕರಣವಿದ್ದುದರಿಂದ ಒಲ್ಲದ ಮನಸ್ಸಿನಿಂದ ಹೊರಟರು. ಹೊರಡುವಾಗ ಹುಳುವಿನ ಮನೆಯ ಕಡೆ ಎಷ್ಟು ಸಲ ತಿರುಗಿ ನೋಡಿದರೆಂದರೆ, ಕರುಳಿನ ಕುಡಿಯನ್ನು ಬಿಟ್ಟು ಹೋಗುತ್ತಿದ್ದಾರೇನೋ ಎನಿಸಿತು. ಅವರು ಬಸ್ಸು ಹತ್ತಿದ್ದೇ ತಡ, ನನ್ನ ತಲೆಯೊಳಗೆ ದೀಪ ಹತ್ತಿತು. ಇಡೀ ಹುತ್ತೂರಿನಲ್ಲಿ ಯಾರೂ ಬಾಗಿಲು ಬಡಿಯದ ಜಾಗ ಒಂದೇ ಒಂದು! ಕಾಲು ತೊಳೆದುಕೊಂಡು ಒಳಗೆ ಹೋಗಿ ಅಗುಳಿ ಹಾಕಿದೆ.

ಆಹಾ, ಅದೇನು ಶಾಂತಿ! ಸಾವಿರಾರು ಹುಳುಗಳು ತಲೆಯೆತ್ತಿ ತಪಸ್ಸಿಗೆ ಕೂತಿವೆ. ಒಂದಾದರೂ ಚಾರ್ಜರ್ ಕೇಳಲಿಲ್ಲ. ಹುಳುಗಳ ಹಾಸಿಗೆಗೆ ಉದುರಿಸುವ ಸುಣ್ಣದ ಪುಡಿಯ ಮೂಟೆ ಮೂಲೆಯಲ್ಲಿತ್ತು. ಅದರ ಹಿಂದೆ ಒಂದು ಚಾಪೆ, ಚೊಕ್ಕವಾದ ಗೌಸು ಹಾಕಿದ ಒಂದು ದಿಂಬು. ಈ ಮನೆಯಲ್ಲಿ ಹುಳುಗಳಿಗೆ ದಿಂಬು ಬೇರೆ ಕೇಡು ಎಂದು ಸಿಟ್ಟು ಬಂತು. ಸಿಟ್ಟಿನಲ್ಲೇ ಅದನ್ನು ತಲೆಗಿಟ್ಟುಕೊಂಡು ಮಲಗಿದೆ. ತಿಂಗಳುಗಳಿಂದ ಬಾರದ ನಿದ್ದೆ ಬಂದುಬಿಟ್ಟಿತು.

ಎಚ್ಚರವಾದದ್ದು ಮಧ್ಯಾಹ್ನ ಕಳೆದ ಮೇಲೆ, ಪಿಸುಮಾತಿಗೆ. ಜಾಲರಿಯ ಆಚೆ ವೆಂಕಟ್ ನಿಂತಿದ್ದರು. ಅವರ ಹಿಂದೆ ಮಾವ, ಬಾಯಲ್ಲಿ ಟವಲು.

“ಅನಿತಾ, ಬಾಗ್ಲು ತೆಗಿ. ಅಪ್ಪಂಗೆ ಕಾಫಿ ಬೇಕಂತೆ.”

ಹತ್ತರವರೆಗೆ ಎಣಿಸಲು ಹೊರಟೆ, ಮೂರಕ್ಕೇ ಲೆಕ್ಕ ತಪ್ಪಿತು. ಆದರೆ ಅಷ್ಟರಲ್ಲಿ ಒಂದು ಮಹಾ ಸತ್ಯ ಹೊಳೆಯಿತು. ಅವರು ಕೂಗುವಂತಿಲ್ಲ, ಬಾಗಿಲು ಒಡೆಯುವಂತಿಲ್ಲ, ನಾನು ಏನು ಹೇಳಿದರೂ ಬಾಯಿ ಮುಚ್ಚಿಕೊಂಡು ಕೇಳಬೇಕು. ಇಂಥ ಸಭೆ ಮತ್ತೆ ಸಿಗುತ್ತದೆಯೇ? ಜಾಲರಿಗೆ ಬಾಯಿಟ್ಟು ಪಿಸುಗುಟ್ಟಲು ಶುರು ಮಾಡಿದೆ. ಮದುವೆಯ ಆರತಕ್ಷತೆಯಲ್ಲಿ ನನಗೊಂದು ಲೋಟ ನೀರು ಕೊಡದವರಿಂದ ಹಿಡಿದು, ನಿನ್ನೆ ಒದ್ದೆ ಟವಲನ್ನು ನನ್ನ ಆಫೀಸಿನ ಸೀರೆಯ ಮೇಲೆ ಹಾಕಿದವರವರೆಗೆ ಒಂದನ್ನೂ ಬಿಡಲಿಲ್ಲ. ಕೋಲಾರದಲ್ಲಿ ದುಡಿದು, ಬಸ್ಸಿನಲ್ಲಿ ತುಳಿಸಿಕೊಂಡು ಬಂದು, ಮತ್ತೆ ಒಲೆಯ ಮುಂದೆ ನಿಲ್ಲುವವಳು ಮನುಷ್ಯಳೋ ಮಿಕ್ಸಿಯೋ ಎಂದು ಕೇಳಿದೆ. ಮಿಕ್ಸಿಗಾದರೂ ಜ್ವರದ ದಿನ ರಜೆಯಿದೆ ಎಂದೂ ಸೇರಿಸಿದೆ. ಮಾವ ಏನೋ ಹೇಳಲು ಟವಲು ತೆಗೆದರು. ಹುಳುಗಳ ಕಡೆ ಬೆರಳು ತೋರಿಸಿದೆ. ಮತ್ತೆ ಕಚ್ಚಿಕೊಂಡರು. ಶಿಬಿರದ ಮೇಡಂ ಅಲ್ಲಿದ್ದಿದ್ದರೆ ನನಗೆ ಅಲ್ಲೇ ಸರ್ಟಿಫಿಕೇಟ್ ಕೊಡುತ್ತಿದ್ದರು.

ವೆಂಕಟ್ ಎಲ್ಲವನ್ನೂ ಕೇಳಿಸಿಕೊಂಡರು. ತಲೆಯಾಡಿಸಿದರು. ಕಣ್ಣಲ್ಲಿ ಕರುಣೆಯೂ ಕಂಡಿತು. ಆಮೇಲೆ ಜಾಲರಿಯ ಹತ್ತಿರ ಬಂದು ಬಹಳ ಮೆತ್ತಗೆ ಹೇಳಿದರು:

“ಟೆನ್ಷನ್ ಮಾಡ್ಕೋಬೇಡ ಕಣೇ. ಎರಡೇ ಲೋಟ ಕಾಫಿ, ಅಷ್ಟೇ.”

ಕಿರುಚಿದೆ. ಪದ ಯಾವುದೂ ಇರಲಿಲ್ಲ, ಬರೀ ಕಿರುಚಾಟ. ಬೀದಿಯ ನಾಯಿಗಳು ಬೊಗಳಿದವು. ಶಹರ್ ಬಾನು ಅಕ್ಕನ ತಾರಸಿಯಿಂದ ಪಾರಿವಾಳಗಳು ಎದ್ದವು, ಜೊತೆಗೆ ಅಕ್ಕನೂ ಎದ್ದು ನಿಂತರು. ಆಗ ನೆನಪಾಯಿತು. ಜ್ವರಕ್ಕೆ ಕೂತ ಹುಳುಗಳ ನಡುವೆ ಕಿರುಚಿದ್ದೆ! ಇಡೀ ಬೆಳೆ ಹೋಯಿತು, ಈ ಮನೆಯಲ್ಲಿ ನನ್ನ ಅನ್ನದ ಋಣ ತೀರಿತು ಎಂದುಕೊಂಡೆ. ಇದೇ ಶುಭ ಮುಹೂರ್ತಕ್ಕೆ ಸರಿಯಾಗಿ ಹಿತ್ತಲ ಬಾಗಿಲಲ್ಲಿ, ಟೇಕಲ್ಲಿನಿಂದ ಬಂದ ತಾಂಬೂಲದ ಚೀಲ ಹಿಡಿದು ಅತ್ತೆ ನಿಂತಿದ್ದರು.

ಅಗುಳಿ ತೆಗೆದೆ. ಎಲ್ಲರೂ ಒಳಗೆ ನುಗ್ಗಿ ಹುಳುಗಳ ಮೇಲೆ ಬಗ್ಗಿದರು. ಅವು ಹೇಗೆ ಕೂತಿದ್ದವೋ ಹಾಗೇ ಕೂತಿದ್ದವು. ಒಂದು ಹುಳುವೂ ಮಿಸುಕಿರಲಿಲ್ಲ. ಮಾವ ನಿಧಾನವಾಗಿ ಟವಲನ್ನು ಹೆಗಲಿಗೆ ಹಾಕಿಕೊಂಡರು. ಇವಕ್ಕೆ ಏನೂ ಆಗಲೇ ಇಲ್ಲವಲ್ಲ, ಹಾಗಾದರೆ ಇಷ್ಟು ವರ್ಷ ನಾವು ಬಾಯಿ ಮುಚ್ಚಿಕೊಂಡದ್ದು ಯಾಕೆ ಎಂದು ತಮ್ಮ ಮಾಮೂಲು ಗಂಟಲಿನಲ್ಲಿ ಕೇಳಿದರು. ವೆಂಕಟ್ ಕೂಡ, ಟೀವಿ ಹಾಕಬಹುದೇನೋ ಎನ್ನುವ ಮುಖ ಮಾಡಿದರು.

ಅತ್ತೆ ನನ್ನನ್ನು ನೋಡಿದ ನೋಟಕ್ಕೆ ಸುಣ್ಣದ ಪುಡಿಯೂ ಕರಗಬೇಕಾಗಿತ್ತು. ಒಂದು ಹುಳುವಿನ ಮೇಲೆ ಮುಟ್ಟದೆ ಬಗ್ಗಿ, ಡಾಕ್ಟರ್ ಥರ ಕಣ್ಣು ಕಿರಿದು ಮಾಡಿ ನೋಡಿದರು.

“ಏನಾಗ್ಲಿಲ್ವಾ? ಬೆದರಿಕೊಂಡು ಸೆಟೆದು ಹೋಗವೆ, ಕಣ್ಣು ಕಾಣಲ್ವಾ ನಿಮ್ಗೆ? ನಡೀರಿ ಆಚೆಗೆ! ಇವಳು ಇಲ್ಲೇ ಇರಲಿ, ಇವಳದ್ದು ನಾನು ನೋಡ್ಕೋತೀನಿ.”

ಗಂಡಸರಿಬ್ಬರೂ ಬೆಕ್ಕಿನ ಹೆಜ್ಜೆ ಇಡುತ್ತಾ ಹೊರಗೆ ಹೋದರು. ಅತ್ತೆ ಅಗುಳಿ ಹಾಕಿದರು. ನಾನು ಅಳಲು ತಯಾರಾಗಿ, ತಪ್ಪಾಯಿತು ಅತ್ತೆ, ಹುಳು ಉಳಿಯುತ್ತವೆಯೇ ಎಂದೆ. ಅವರು ಹುಳುಗಳ ಕಡೆ ತಿರುಗಿಯೂ ನೋಡದೆ ನೆಟ್ಟಗೆ ಮೂಲೆಗೆ ಹೋಗಿ ಚಾಪೆ ನೋಡಿದರು.

“ನನ್ ದಿಂಬು ಯಾಕೆ ತಗೊಂಡೆ?” ಎಂದರು.

ಅತ್ತೆ ಕೂತರು, ಕಾಲು ಚಾಚಿದರು, ದನಿ ತಗ್ಗಿಸಿದರು.

“ಹುಳಕ್ಕೆ ಕಿವಿ ಎಲ್ಲಿದಾವೆ ಕಣೇ? ಜ್ವರಕ್ಕೆ ಕೂತಾಗ ಮುಟ್ಬಾರ್ದು, ಅಲ್ಲಾಡಿಸ್ಬಾರ್ದು ಅಂತ ನಮ್ಮತ್ತೆ ಹೇಳಿದ್ರು, ಅದು ನಿಜ. ಸದ್ದು ಮಾಡ್ಬಾರ್ದು ಅನ್ನೋದು ನಾನು ಸೇರ್ಸಿದ್ದು. ಮನೆ ತುಂಬಾ ಜನ, ನಿಮ್ಮಾವನ ಗಂಟ್ಲು, ಕೂಗಿದೋರಿಗೆಲ್ಲಾ ಓ ಅನ್ನೋಳು ನಾನೊಬ್ಳೇ. ತಲೆ ಕೆಟ್ಟು ಬಾವಿ ನೋಡ್ಕೊಂಡು ನಿಂತಿದ್ದೆ ಒಂದಿನ. ಆವತ್ತು ಹುಳ ಜ್ವರಕ್ಕೆ ಕೂತಿದ್ವು. ಒಳಗೆ ಬಂದು ಬಾಗ್ಲು ಹಾಕ್ಕೊಂಡೆ. ಹುಳ ನನ್ನ ಉಳಿಸಿದ್ವು.”

ಬಾವಿಯ ಮಾತು ಕೇಳಿ ನನ್ನ ಕಣ್ಣು ತುಂಬಿದ್ದು ಸುಳ್ಳಲ್ಲ. ಆದರೆ ಅದರ ಬೆನ್ನಿಗೇ ನಾನು ತುದಿಗಾಲಲ್ಲಿ ತಂದಿಟ್ಟ ಕಾಫಿಗಳೆಲ್ಲ ನೆನಪಾಗಿ ಮೈ ಉರಿಯಿತು. ದುಡಿಮೆಯಂತೆ, ಕಾವಲಂತೆ! ಚೊಕ್ಕವಾದ ಗೌಸು ಹಾಕಿದ ದಿಂಬಂತೆ! ನನಗೂ ಒಂದು ಮಾತು ಹೇಳಬಾರದಿತ್ತೇ ಎಂದು ಕೇಳಿಯೇಬಿಟ್ಟೆ.

“ಹೇಳಿದ್ರೆ ನೀನೂ ಬಂದು ಕೂರ್ತಿದ್ದೆ,” ಎಂದರು ಅತ್ತೆ. “ಇಬ್ರು ಕೂತ್ರೆ ಅದು ಏಕಾಂತ ಹೆಂಗಾಯ್ತದೆ?”

ಆಮೇಲೆ ಅವರೇ ಯೋಚಿಸಿ ತೀರ್ಪು ಕೊಟ್ಟರು. ಮುಂದಿನ ಬೆಳೆಯಿಂದ ಮೂರನೇ ಜ್ವರ ನನ್ನದು, ನಾಲ್ಕನೇ ಜ್ವರ ಅವರದ್ದು. ದಿಂಬು ಮಾತ್ರ ಅವರದ್ದೇ, ನಾನು ಬೇರೆ ತಂದುಕೊಳ್ಳಬೇಕು. ಈ ಗುಟ್ಟು ಗಂಡಸರ ಕಿವಿಗೆ ಬಿದ್ದರೆ ಮೂರನೆಯದೂ ಇಲ್ಲ. ನಾನು ಸಹಕಾರ ಸಂಘದ ಗುಮಾಸ್ತೆ, ಲೆಕ್ಕ ಗೊತ್ತಿಲ್ಲದವಳಲ್ಲ. ನಾಲ್ಕನೇ ಜ್ವರ ಮೂರನೆಯದಕ್ಕಿಂತ ಜಾಸ್ತಿ ಹೊತ್ತು ಇರುತ್ತದಲ್ಲ ಅತ್ತೆ ಎಂದೆ.

“ಇರ್ತದೆ,” ಎಂದರು. “ನಾನು ಅತ್ತೆ.”

ಚಾಪೆ ಸರಿಮಾಡಿಕೊಂಡು, ದಿಂಬನ್ನು ಎರಡು ಸಲ ತಟ್ಟಿ, ಗೋಡೆಯ ಕಡೆ ತಿರುಗಿ ಮಲಗಿದರು. ನಾನು ಅಗುಳಿ ತೆಗೆದು ಹೊರಡುವಾಗ ಹಿಂದಿನಿಂದ ದನಿ ಬಂತು.

“ನಾಮಕರಣದಾಗೆ ಕಾಫಿ ಚೆನ್ನಾಗಿರಲಿಲ್ಲ ಕಣೇ. ಒಂದ್ ಲೋಟ ತಂದು ಕಿಟಕೀಲಿಡು. ಹಂಗೇ ಆ ಗಂಡಸರಿಗೂ ಎರಡು ಲೋಟ ಹಾಕು. ಸದ್ದು ಮಾಡ್ಬೇಡ.”