ಮರುಟಪಾಲಿನಲ್ಲಿ ಬಂದ ಗೌಪ್ಯ ವರದಿ

ಮನುಷ್ಯನ ಒಂದು ವರ್ಷದ ಬದುಕನ್ನು ಒಂದೇ ಪದದಲ್ಲಿ ಹೇಳಿ ಮುಗಿಸುವ ವಿದ್ಯೆ ಒಂದು ಕಾಲದಲ್ಲಿ ನನಗೆ ಕರಗತವಾಗಿತ್ತು. ದೆಹಲಿಯ ಸರ್ಕಾರಿ ಕಚೇರಿಯೊಂದರಲ್ಲಿ ನಾನು ಸೆಕ್ಷನ್ ಆಫೀಸರ್ ಆಗಿದ್ದೆ. ಕೈಕೆಳಗಿನವರ ಬಗ್ಗೆ ವರ್ಷಕ್ಕೊಮ್ಮೆ ಗೌಪ್ಯ ವರದಿ ಬರೆಯುವುದು ನನ್ನ ಹೊಣೆ. ಅತ್ಯುತ್ತಮ, ಬಹಳ ಉತ್ತಮ, ಉತ್ತಮ, ಸಾಧಾರಣ: ಈ ನಾಲ್ಕರಲ್ಲಿ ಒಂದನ್ನು ಆರಿಸಿ, ಕೆಳಗೆ ಎರಡು ಸಾಲು ಷರಾ ಗೀಚಿ ಸಹಿ ಹಾಕಿದರೆ ಮುಗಿಯಿತು. ಮುಂದಿದ್ದ ಚಹಾ ಆರುವುದರೊಳಗೆ ಮೂರ್ನಾಲ್ಕು ಜನರನ್ನು ಅಳೆದು ಪಕ್ಕಕ್ಕಿಡುತ್ತಿದ್ದೆ. ನನ್ನನ್ನೂ ಯಾರಾದರೂ ಹೀಗೆ ಅಳೆಯುವ ದಿನ ಬಂದೀತೆಂಬ ಯೋಚನೆಯೇ ನನಗೆ ಬಂದಿರಲಿಲ್ಲ.

ನಿವೃತ್ತನಾದ ಮೇಲೆ ಆರ್.ಕೆ.ಪುರಂನ ಸರ್ಕಾರಿ ಕ್ವಾರ್ಟರ್ಸ್ ಬಿಟ್ಟು ದೆಹಲಿಯದೇ ಬಡಾವಣೆಯಾದ ದ್ವಾರಕಾದ ಅಪಾರ್ಟ್‌ಮೆಂಟ್ ಸೊಸೈಟಿಯೊಂದಕ್ಕೆ ಬಂದೆವು. ಅಲ್ಲಿ ನನಗೊಂದು ಚಟ ಅಂಟಿತು. ಪಾರ್ಕಿನ ಬೆಂಚಿನ ಮೇಲೆ ಕೂತು ಜನರನ್ನು ನೋಡುವುದು. ಬೆಳಗಿನ ಯೋಗದ ಗುಂಪಿನಲ್ಲಿ ಯಾರು ಯಾರ ಪಕ್ಕ ಚಾಪೆ ಹಾಸುತ್ತಾರೆ, ಪಾರ್ಕಿಂಗ್ ಜಗಳವಾದ ಮರುದಿನ ಆ ಚಾಪೆ ಎಷ್ಟು ದೂರ ಸರಿಯುತ್ತದೆ ಎಂಬುದೆಲ್ಲ ನನಗೆ ಬಾಯಿಪಾಠ. ಇದು ನಿವೃತ್ತಿಯ ನಂತರ ಬಂದ ಚಟವೆಂದೇ ನಾನು ನಂಬಿದ್ದೆ. ಕೊನೆಗೆ ಒಂದು ದಿನ ನನ್ನ ಹೆಂಡತಿ ಪದ್ಮಳ ತಾಳ್ಮೆ ತಪ್ಪಿತು. "ರೀ, ಹಾಲಿನ ಬೂತಿಗೆ ಹೋದವರು ಒಂದೂವರೆ ಗಂಟೆ ಬಿಟ್ಟು ಬರ್ತೀರಿ. ಹಾಲು ಮರೆತು, ಆ ಭಯ್ಯಾನ ಮೂರು ತಲೆಮಾರಿನ ಕಥೆ ತರ್ತೀರಿ. ಇದಕ್ಕೂ ಒಂದು ಡಿಗ್ರಿ ಇದೆಯಂತೆ, ಮಾನವಶಾಸ್ತ್ರ ಅಂತ. ಹೋಗಿ ಓದಿ, ಮನೆಯಾದರೂ ತಣ್ಣಗಿರುತ್ತೆ" ಎಂದಳು.

ಅವಳು ತಮಾಷೆಗೆ ಹೇಳಿದಳು. ನಾನು ಮಾತ್ರ ಗಟ್ಟಿಯಾಗಿ ಹಿಡಿದುಕೊಂಡೆ. ತುಮಕೂರಿನಲ್ಲಿ ಬಿ.ಎಸ್ಸಿ. ಮುಗಿಸಿದ ವರ್ಷವೇ ನೌಕರಿಯ ಪತ್ರ ಬಂದು ದೆಹಲಿ ರೈಲು ಹತ್ತಿದವನು ನಾನು. ಮುಂದೆ ಓದುವ ಆಸೆ ಎಲ್ಲೋ ಒಳಗೆ ಹಾಗೇ ಉಳಿದಿತ್ತು. ಇಲ್ಲಿನ ಒಂದು ವಿಶ್ವವಿದ್ಯಾನಿಲಯದಲ್ಲಿ ಮಾನವಶಾಸ್ತ್ರದ ಎಂ.ಎ.ಗೆ ವಯಸ್ಸಿನ ಮಿತಿಯಿಲ್ಲವೆಂದು ತಿಳಿದ ದಿನವೇ ಅರ್ಜಿ ತರಿಸಿಕೊಂಡೆ. ಆ ಸೀಟು ನನಗೆ ಬೇಕೇ ಬೇಕಿತ್ತು.

ಅರ್ಜಿಯ ಜೊತೆ, ಈ ವಿಷಯವನ್ನು ಯಾಕೆ ಓದಬೇಕೆಂದಿದ್ದೀರಿ ಎಂದು ಎರಡು ಪುಟ ಬರೆದು ಕೊಡಬೇಕಿತ್ತು. ಬರವಣಿಗೆಯೆಂದರೆ ನನಗೆ ಲೀಲಾಜಾಲ. ಒಂದೇ ಬೈಠಕ್ಕಿನಲ್ಲಿ ಬರೆದು ಪದ್ಮಳ ಕೈಗಿತ್ತೆ. ಅವಳು ಕನ್ನಡಕ ಏರಿಸಿ ಓದಿದಳು. 'ಅರ್ಜಿದಾರರ ಆಸಕ್ತಿಯನ್ನು ಪರಿಶೀಲಿಸಲಾಗಿದ್ದು, ಅದು ಸಮಂಜಸವೆಂದು ಕಂಡುಬಂದಿರುತ್ತದೆ. ಸೂಕ್ತ ಆದೇಶಕ್ಕಾಗಿ ಮಂಡಿಸಿದೆ.' ಎರಡು ಪುಟವೂ ಹೀಗೆಯೇ. "ಅಲ್ಲ, ಇದರಲ್ಲಿ ನೀವೆಲ್ಲಿದ್ದೀರಿ?" ಎಂದು ಕೇಳಿದಳು. ಹುಡುಕಿದೆ. ಎಲ್ಲೂ ಇರಲಿಲ್ಲ. ಸರ್ಕಾರಿ ಟಿಪ್ಪಣಿಯಲ್ಲಿ 'ನಾನು' ಎಂಬ ಪದ ಬರಕೂಡದೆಂದು ಕಲಿತವನು, ಅಷ್ಟು ವರ್ಷ ಅದನ್ನೇ ಪಾಲಿಸಿದ್ದೆ. ಮತ್ತೆ ಬರೆಯಲು ಒಂಬತ್ತು ದಿನ ಹಿಡಿಯಿತು. ಅದರಲ್ಲಿ ನಾಲ್ಕು ದಿನ ಮೊದಲ ವಾಕ್ಯಕ್ಕೇ ಹೋಯಿತು.

ಇಷ್ಟಾದರೆ ಸಾಲದು, ಶಿಫಾರಸು ಪತ್ರ ಎರಡು ಬೇಕಂತೆ. ಒಂದನ್ನು ನನ್ನ ಹಳೆಯ ಮೇಲಧಿಕಾರಿ ಸಂತೋಷದಿಂದ ಒಪ್ಪಿಕೊಂಡರು. ಇನ್ನೊಂದನ್ನು ಅಧ್ಯಾಪಕರೇ ಬರೆಯಬೇಕು. ನನ್ನ ಮೇಷ್ಟ್ರುಗಳೆಲ್ಲ ಎಂದೋ ತೀರಿಕೊಂಡಿದ್ದಾರೆ. ನನ್ನ ಕೆಲಸ ಕಂಡಿದ್ದ ಅಧ್ಯಾಪಕರು ಇಡೀ ದೆಹಲಿಯಲ್ಲಿ ಒಬ್ಬರೇ. ಅವರೇ ಶಶಿಕಲಾ.

ಚಿತ್ರದುರ್ಗದ ಈ ಹುಡುಗಿ ಇಪ್ಪತ್ತು ವರ್ಷಗಳ ಹಿಂದೆ ನನ್ನ ಸೆಕ್ಷನ್ನಿನಲ್ಲಿ ಅಸಿಸ್ಟೆಂಟ್ ಆಗಿದ್ದಳು. ನಮ್ಮದು ಪಿಂಚಣಿಯ ಸೆಕ್ಷನ್. ಯಾರು ಬಂದರೂ ಕೂರಿಸಿ, ಊರು ಮನೆ ಮಕ್ಕಳು ಎಲ್ಲ ವಿಚಾರಿಸುತ್ತಿದ್ದಳು. ಫೈಲು ಮಾತ್ರ ಮೇಜಿನ ಮೇಲೆ ನಿದ್ದೆ ಹೊಡೆಯುತ್ತಿತ್ತು. ನಾನು ಅವಳ ಗೌಪ್ಯ ವರದಿಯಲ್ಲಿ 'ಸಾಧಾರಣ' ಎಂದು ಬರೆದೆ. 'ಫೈಲಿಗಿಂತ ಫೈಲು ಹಿಡಿದು ಬಂದವರ ಬಗ್ಗೆಯೇ ಇವರಿಗೆ ಹೆಚ್ಚು ಕುತೂಹಲ' ಎಂದು ಇಂಗ್ಲಿಷಿನಲ್ಲಿ ಷರಾ ಹಾಕಿ, ಉದಾಹರಣೆಗಳನ್ನೂ ಕೊಟ್ಟೆ. ಇಂಥ ಪ್ರತಿಕೂಲ ಷರಾವನ್ನು ಸಂಬಂಧಪಟ್ಟವರಿಗೆ ತಿಳಿಸಬೇಕೆಂಬುದು ನಿಯಮ. ಹಾಗಾಗಿ ಅದರ ಪ್ರತಿ ಅವಳ ಕೈ ಸೇರಿತು, ಬಡ್ತಿ ತಪ್ಪಿತು. ಮುಂದಿನ ವರ್ಷ ರಾಜೀನಾಮೆ ಕೊಟ್ಟು ಓದಲು ಹೋದಳು. ಈಗ ಮಾನವಶಾಸ್ತ್ರದ ಪ್ರೊಫೆಸರ್.

ಪದ್ಮ ನನ್ನನ್ನು ತಳ್ಳಿಯೇ ಕಳಿಸಿದಳು. ಮಂಡಿ ಹೌಸಿನಲ್ಲಿ ಮೆಟ್ರೋ ಬದಲಿಸಿ ಫರೀದಾಬಾದಿನ ಅವರ ಮನೆ ತಲುಪುವವರೆಗೂ ಒಂದೇ ಚಿಂತೆ: 'ಏನಮ್ಮಾ' ಎನ್ನಲೋ, 'ಪ್ರೊಫೆಸರ್' ಎನ್ನಲೋ? ಬಾಗಿಲು ತೆರೆದ ಶಶಿಕಲಾ, "ಅಯ್ಯೋ, ಬನ್ನಿ ಸಾರ್!" ಎಂದರು. ನಾನು ಎರಡನ್ನೂ ಅನ್ನದೆ ಒಳಗೆ ಹೋಗಿ ಕೂತೆ.

ಚಹಾ ಬಂತು. ಬಂದ ಕೆಲಸ ಹೇಳಿದೆ. ಅದಕ್ಕೂ ಮೊದಲು ಹೇಳಬೇಕಾದದ್ದನ್ನೂ ತಡವರಿಸುತ್ತ ಹೇಳಿದೆ. "ಶಶಿಕಲಾ, ಆ ವರ್ಷ ನಾನು ಹಾಗೆ ಬರೀಬಾರದಿತ್ತು. ತಪ್ಪಾಯ್ತು."

ಅವರು ಬಿಸ್ಕತ್ತಿನ ತಟ್ಟೆ ಮುಂದೆ ಸರಿಸಿದರು. "ಅವತ್ತು ಬಾತ್‌ರೂಮಲ್ಲಿ ನಿಂತು ಅತ್ತಿದ್ದೆ ಸಾರ್. ಸುಳ್ಳು ಯಾಕೆ ಹೇಳ್ಲಿ. ಅಚ್ಛಾ, ಕೊನೇ ದಿನಾಂಕ ಯಾವತ್ತು?"

ಅಷ್ಟೇ. ಬರೆಯುತ್ತೇನೆ ಎಂದರು, ಏನು ಬರೆಯುತ್ತೇನೆಂದು ಹೇಳಲಿಲ್ಲ. ಅರ್ಜಿಯಲ್ಲಿ ಒಂದು ಚೌಕವಿತ್ತು. ಶಿಫಾರಸು ಪತ್ರ ಗೌಪ್ಯ, ಅದನ್ನು ನೋಡುವ ಹಕ್ಕನ್ನು ಬಿಟ್ಟುಕೊಡುತ್ತೇನೆ ಎಂದು ಅಲ್ಲಿ ಗುರುತು ಹಾಕಬೇಕು. ಹಾಕಿದೆ. ಆಮೇಲಿನ ಮೂರು ವಾರ ನನ್ನ ಕೈಕೆಳಗೆ ದುಡಿದವರ ಮುಖಗಳೆಲ್ಲ ಒಂದೊಂದಾಗಿ ನೆನಪಿಗೆ ಬಂದವು. ಗೌಪ್ಯ ವರದಿ ಬರೆಯುವ ಮಾರ್ಚ್ ಬಂತೆಂದರೆ ಅವರು ನನ್ನ ಮೇಜಿನ ಸುತ್ತ ಯಾಕೆ ಅಷ್ಟು ಮೆತ್ತಗೆ ಓಡಾಡುತ್ತಿದ್ದರೆಂದು ಈಗ ಅರ್ಥವಾಯಿತು.

ಸಂದರ್ಶನಕ್ಕೆ ಕರೆ ಬಂತು. ಮೇಜಿನ ಆಚೆ ಮೂವರು, ಮೂವರೂ ನನ್ನ ಮಕ್ಕಳ ವಯಸ್ಸಿನವರು. ಅವರಲ್ಲೊಬ್ಬರು ಕಾಗದ ನೋಡುತ್ತ ನಕ್ಕರು. "ನಿಮ್ಮ ಶಿಫಾರಸು ಪತ್ರದಲ್ಲಿ ಒಂದು ಸಾಲು ಚೆನ್ನಾಗಿದೆ. ಗೌಪ್ಯ ನಿಜ, ಒಂದೇ ಸಾಲು ಓದ್ತೀನಿ" ಎಂದು ಇಂಗ್ಲಿಷಿನಲ್ಲಿ ಓದಿದರು. ಫೈಲಿಗಿಂತ ಫೈಲು ಹಿಡಿದು ಬಂದವರ ಬಗ್ಗೆಯೇ ಇವರಿಗೆ ಹೆಚ್ಚು ಕುತೂಹಲ. ನನ್ನದೇ ಸಾಲು, ಒಂದಕ್ಷರವೂ ಬದಲಾಗಿರಲಿಲ್ಲ. ಉಳಿದ ಪ್ರಶ್ನೆಗಳಿಗೆ ಏನು ಹೇಳಿದೆನೋ ದೇವರೇ ಬಲ್ಲ. ಸೀಟು ಸಿಕ್ಕಿತು.

ಫಲಿತಾಂಶ ಬಂದ ದಿನ ಮೊದಲು ಫೋನು ಮಾಡಿದ್ದು ಶಶಿಕಲಾಗೆ. ಎಷ್ಟು ಕೃತಜ್ಞತೆ ಹೇಳಿದರೂ ನನಗೆ ತೃಪ್ತಿಯಿಲ್ಲ. ಕೊನೆಗೆ ಕೇಳಿಯೇ ಬಿಟ್ಟೆ. "ಆ ಗುಣ ನಿನ್ನದಮ್ಮಾ. ನನ್ನ ಹೆಸರಿಗೆ ಯಾಕೆ ಬರೆದೆ? ನಾನು ಫೈಲಿನಿಂದ ತಲೆ ಎತ್ತಿದವನೇ ಅಲ್ಲ."

"ಸಾರ್, ಆ ಕಾಗದ ಇನ್ನೂ ನನ್ನ ಹತ್ರ ಇದೆ. 'ಪಾಣಿಪತ್‌ನಿಂದ ಬಂದ ವೃದ್ಧರೊಂದಿಗೆ ಕಂಬಳಿ ನೇಯುವ ಕುರಿತು ಇಪ್ಪತ್ತು ನಿಮಿಷ ಮಾತು. ವೃದ್ಧರು ಬಂದಾಗ ಕುರ್ಚಿಯ ಅಂಚಿನಲ್ಲಿ ಕೂತಿದ್ದರು, ಹೊರಡುವ ಹೊತ್ತಿಗೆ ಒರಗಿ ಕೂತಿದ್ದರು.' ಇದು ನೀವು ಬರೆದದ್ದು. ನಿಮ್ಮ ಹೆಸರು, ನನ್ನ ಹೆಸರು ತೆಗೆದು ಪ್ರತಿ ವರ್ಷ ಕ್ಲಾಸಲ್ಲಿ ತೋರಿಸ್ತೀನಿ. ಜನರನ್ನ ನೋಡಿ ಬರೆಯೋದು ಅಂದ್ರೆ ಹೀಗೆ ಅಂತ."

ಫೋನಿಟ್ಟೆ. ಕಣ್ಣು ತುಂಬಿ ಬಂದಿತ್ತು. ಇಷ್ಟು ವರ್ಷ ನಾನು ಹೊರೆಯಂತೆ ಹೊತ್ತಿದ್ದ ಕಾಗದವನ್ನು ಆ ಹೆಣ್ಣುಮಗಳು ಹಗುರ ಮಾಡಿ ನನ್ನ ಕೈಗೇ ಕೊಟ್ಟಿದ್ದಳು. ಎಲ್ಲವನ್ನೂ ಪದ್ಮಳಿಗೆ ಹೇಳಿದೆ. ಅವಳು ಬಟಾಣಿ ಸುಲಿಯುತ್ತ ಪೂರ್ತಿ ಕೇಳಿಸಿಕೊಂಡಳು.

"ಅಲ್ರೀ, ಅವಳು ಇಪ್ಪತ್ತು ನಿಮಿಷ ಮಾತಾಡಿದ್ಲು, ಸರಿ. ಆ ಇಪ್ಪತ್ತು ನಿಮಿಷ ನಿಮ್ಮ ಮೇಜಿನ ಮೇಲೆ ಫೈಲು ಇರ್ಲಿಲ್ವಾ?"

ನಾನೂ ಒಂದು ಬಟಾಣಿ ಕೈಗೆತ್ತಿಕೊಂಡೆ. ಆ ವರ್ಷ ನನ್ನ ಗೌಪ್ಯ ವರದಿಯಲ್ಲಿ ಮೇಲಧಿಕಾರಿಗಳು 'ಅತ್ಯುತ್ತಮ' ಎಂದು ಬರೆದಿದ್ದರು.