ಚಿಕ್ಕಪ್ಪ ಟ್ರ್ಯಾಕಿಗೆ ಇಳಿದದ್ದು

ನಮ್ಮ ಚಿಕ್ಕಪ್ಪನ ಕಾರನ್ನು ಹಿಂದಿಕ್ಕಿದವರಲ್ಲಿ ಸೈಕಲ್ಲಿನವರಿದ್ದಾರೆ, ಹೂವಿನ ತಳ್ಳುಗಾಡಿಯವರಿದ್ದಾರೆ. ಒಮ್ಮೆ ಬುಲ್ ಟೆಂಪಲ್ ರಸ್ತೆಯಲ್ಲಿ ಗಣೇಶನ ಮೆರವಣಿಗೆಯೊಂದು ತಮಟೆ ಸಮೇತ ಅವರನ್ನು ದಾಟಿ ಹೋದದ್ದನ್ನು ನಾನೇ ಕಂಡಿದ್ದೇನೆ. ಅಂಥ ಮನುಷ್ಯ ರೇಸ್ ಟ್ರ್ಯಾಕಿನಲ್ಲಿ ಕಾರು ಓಡಿಸಿದರೆಂದರೆ ನೀವು ನಂಬುತ್ತೀರಾ? ಶಂಕರಪುರದ ಅವರ ಬೀದಿಯಲ್ಲಿ ಇವತ್ತಿಗೂ ಯಾರೂ ನಂಬಿಲ್ಲ!

ಪೇಟೆಯ ಪಾತ್ರೆ ಅಂಗಡಿಯನ್ನು ಮಗಳಿಗೆ ಒಪ್ಪಿಸಿ ಈಗ ಮನೆಯಲ್ಲಿರುವ ಚಿಕ್ಕಪ್ಪನಿಗೆ ಕಾರೆಂದರೆ ಪ್ರಾಣ. ಪ್ರಾಣವಾದ್ದರಿಂದಲೇ ಅದನ್ನು ಹೊರಗೆ ತೆಗೆಯುವುದು ಕಡಿಮೆ. ಭಾನುವಾರ ಉಜ್ಜಿ ಉಜ್ಜಿ ತೊಳೆಯುತ್ತಾರೆ. ತೊಳೆದದ್ದು ಕೊಳೆಯಾದೀತೆಂದು ಮದುವೆಗೆ ಆಟೋದಲ್ಲಿ ಹೋಗುತ್ತಾರೆ. ಒಂದು ಸಲ ಹಬ್ಬದ ಹಿಂದಿನ ದಿನ ಗಾಂಧಿ ಬಜಾರಿನಲ್ಲಿ ಅವರಿಗೆ ಮರದ ನೆರಳಲ್ಲೇ ಪಾರ್ಕಿಂಗ್ ಸಿಕ್ಕಿಬಿಟ್ಟಿತು. ಹೂವು, ಬಾಳೆಕಂದು ಎಲ್ಲ ಕೊಂಡು ಚಿಕ್ಕಪ್ಪ ಮನೆಗೆ ನಡೆದೇ ಬಂದರು.

"ಕಾರೆಲ್ರೀ?" ಚಿಕ್ಕಮ್ಮ ಕೇಳಿದರು.

"ಅಲ್ಲೇ ಇದೆ. ಅಂಥ ಜಾಗ ಬಿಟ್ಟು ಬರೋಕೆ ಮನಸ್ಸಾಗ್ಲಿಲ್ಲ."

ಹಬ್ಬ ಮುಗಿಯುವವರೆಗೂ ಕಾರು ಅಲ್ಲೇ ಇತ್ತು. ಚಿಕ್ಕಪ್ಪ ಸಂಜೆ ಹೊತ್ತು ಹೋಗಿ ನೋಡಿಕೊಂಡು ಬರುತ್ತಿದ್ದರು.

ಕಳೆದ ವರ್ಷ ಒಂದು ಬೆಳಗ್ಗೆ ಎನ್.ಆರ್. ಕಾಲೋನಿಯ ನಮ್ಮ ಮನೆಗೆ ಬಂದವರು ಕಾಫಿ ಲೋಟ ಕೆಳಗಿಟ್ಟು, "ನೀನೂ ನಿನ್ನ ಫ್ರೆಂಡ್ಸೂ ಅದೆಲ್ಲೋ ಟ್ರ್ಯಾಕಲ್ಲಿ ಕಾರು ಓಡಿಸ್ತೀರಂತಲ್ಲ, ಯಾರು ಬೇಕಾದ್ರೂ ಬರಬಹುದಾ?" ಎಂದರು.

"ಲೈಸೆನ್ಸ್ ಇದ್ರೆ ಸಾಕು ಚಿಕ್ಕಪ್ಪ. ಅವರವರ ಕಾರು, ಅವರವರ ಹೆಲ್ಮೆಟ್ಟು."

"ಎದುರುಗಡೆಯಿಂದ ಗಾಡಿ ಬರಲ್ವಾ?"

"ಇಲ್ಲ. ಎಲ್ಲಾ ಒಂದೇ ಕಡೆ ಹೋಗೋದು."

"ಬಸ್ಸು?"

"ಅಲ್ಲಿಗೆ ಬಸ್ಸೆಲ್ಲಿಂದ ಬರುತ್ತೆ ಚಿಕ್ಕಪ್ಪ."

ಇನ್ನೊಂದು ಲೋಟ ಕಾಫಿ ಕುಡಿದು, ತಮ್ಮ ಹೆಸರು ಬರೆಸುವಂತೆ ಹೇಳಿ ಎದ್ದು ಹೋದರು. ವಯಸ್ಸಾದ ಮೇಲೆ ಕೆಲವರಿಗೆ ಹೀಗೆ ವೇಗದ ಹುಚ್ಚು ಹಿಡಿಯುತ್ತದೆ ಎಂದು ನಾನು ನನ್ನ ಹೆಂಡತಿಗೆ ಹೇಳಿದೆ.

ಕಾರು ಓಡಿಸುವ ದಿನ ಬಂತು. ನಾವೆಲ್ಲ ಊರಾಚೆಯ ಟ್ರ್ಯಾಕಿಗೆ ಬಂದು ಬಹಳ ಹೊತ್ತಾದ ಮೇಲೆ ಚಿಕ್ಕಪ್ಪನ ಕಾರು ತೆವಳಿಕೊಂಡು ಬಂತು. ಪಕ್ಕದಲ್ಲಿ ಚಿಕ್ಕಮ್ಮ, ಅವರ ತೊಡೆಯ ಮೇಲೆ ಚಿತ್ರಾನ್ನದ ಡಬ್ಬಿ. ಅಲ್ಲಿ ಓಡಿಸುವುದನ್ನು ಹೇಳಿಕೊಡುವ ಕೋಚ್ ಒಬ್ಬ ಹುಡುಗಿ. ಕಾರಿನೊಳಗೆ ಅಲ್ಲಾಡುವ ವಸ್ತು ಯಾವುದೂ ಇರಕೂಡದೆಂದು ಅವಳು ಹೇಳಿದ್ದೇ ತಡ, ಡಿಕ್ಕಿಯಿಂದ ಛತ್ರಿಗಳು, ಮಡಚುವ ಕುರ್ಚಿ, ಹಳೇ ಪೇಪರಿನ ಕಟ್ಟು, ರಿಪೇರಿಗೆಂದು ಹೊರಟು ಅಂಗಡಿ ತಲುಪದೇ ಉಳಿದ ಕುಕ್ಕರ್ ಒಂದೊಂದಾಗಿ ಹೊರಬಂದವು. ಒಂದು ಸಂಸಾರ ಮನೆ ಖಾಲಿ ಮಾಡಿದ ಹಾಗಿತ್ತು. ಕೊನೆಗೆ ಉಳಿದದ್ದು ಡ್ಯಾಶ್‌ಬೋರ್ಡಿನ ಮೇಲಿನ ಪುಟ್ಟ ಬಸವಣ್ಣ.

"ಇದನ್ನೂ ತೆಗೀಬೇಕೇನಮ್ಮ?"

"ಅಂಟಿಸಿದ್ರೆ ಇರ್ಲಿ ಸಾರ್."

"ನಾನೇನೂ ಅಂಟಿಸಿಲ್ಲ. ಅವನೇ ಕೂತಿದಾನೆ."

ಅವಳು ಬಸವಣ್ಣನನ್ನು ಅಲ್ಲಾಡಿಸಿ ನೋಡಿದಳು. ಅಲ್ಲಾಡಲಿಲ್ಲ. ಒಪ್ಪಿಗೆ ಸಿಕ್ಕಿತು. ಚಿಕ್ಕಪ್ಪ ಹೆಲ್ಮೆಟ್ಟಿಗೆ ವಿಭೂತಿ ಹಚ್ಚಿ, ತೊಟ್ಟು, ಕನ್ನಡಕ ಕೈಯಲ್ಲೇ ಉಳಿಯಿತೆಂದು ತೆಗೆದು, ಮತ್ತೆ ತೊಟ್ಟು ಟ್ರ್ಯಾಕಿಗೆ ಇಳಿದರು.

ಹೇಗೆ ಓಡಿಸಿದರು ಅಂತೀರಾ? ಒಂದೊಂದು ತಿರುವಿಗೂ ಇಂಡಿಕೇಟರ್ ಹಾಕಿದರು. ಮುಂದಿನದು ಕಾಣದ ಕಡೆ ಹಾರನ್ ಹೊಡೆದರು. ಹಿಂದಿನಿಂದ ಗುಡುಗಿಕೊಂಡು ಬಂದವರಿಗೆಲ್ಲ, ಮನೆಗೆ ಬಂದ ನೆಂಟರಿಗೆ ಮಣೆ ಹಾಕುವಂತೆ, ಪಕ್ಕಕ್ಕೆ ಸರಿದು ದಾರಿ ಬಿಟ್ಟುಕೊಟ್ಟರು. ವಾಪಸ್ ಬಂದಾಗ ನನ್ನ ಗೆಳೆಯನೊಬ್ಬ ವಿನಯದಿಂದಲೇ ಹೇಳಿದ:

"ಅಂಕಲ್, ಇಲ್ಲಿ ಇಂಡಿಕೇಟರ್ ಬೇಡ. ಎಲ್ರೂ ಅದೇ ಕಡೆ ತಿರುಗೋದು."

"ಹಾಗಂತ ಹೇಳದೆ ಕೇಳದೆ ತಿರುಗಿಬಿಡೋದೇನಪ್ಪ?"

ಎಲ್ಲರೂ ನಕ್ಕೆವು. ಊಟದ ಹೊತ್ತಾಯಿತು. ಕಾರುಗಳೆಲ್ಲ ಶೆಡ್ಡಿನ ನೆರಳಿಗೆ ಬಂದು ಟ್ರ್ಯಾಕ್ ಖಾಲಿಯಾಯಿತು. ಚಿಕ್ಕಪ್ಪ ಮಾತ್ರ ಊಟಕ್ಕೆ ಕೂರದೆ ಕೋಚ್ ಹತ್ತಿರ ಹೋಗಿ ಏನೋ ಮೆಲ್ಲಗೆ ಹೇಳಿದರು. ಅವಳು ಚಿಕ್ಕಮ್ಮನ ಕಡೆ ನೋಡಿ ತಲೆಯಾಡಿಸಿದಳು. ಚಿಕ್ಕಪ್ಪ ಹೆಲ್ಮೆಟ್ ಹಿಡಿದು ಬಂದು ಹೆಂಡತಿಯ ಮುಂದೆ ನಿಂತರು.

"ಏಳು. ನಿನ್ನ ಹೆಸರೂ ಬರೆಸಿ ಬಂದೆ."

ಮದುವೆಯಾದ ಹೊಸದರಲ್ಲಿ ಚಿಕ್ಕಮ್ಮ ಕಾರು ಕಲಿತಿದ್ದರು, ಚಿಕ್ಕಪ್ಪನಿಗಿಂತ ಚೆನ್ನಾಗಿಯೇ ಓಡಿಸುತ್ತಿದ್ದರಂತೆ. ಒಂದು ದಿನ ಚಾಮರಾಜಪೇಟೆಯಲ್ಲಿ ಎದುರಿನಿಂದ ನುಗ್ಗಿದ ಬಸ್ಸೊಂದು ಕಾರಿನ ಕನ್ನಡಿ ಕಿತ್ತುಕೊಂಡು ಹೋಯಿತು. ಯಾರಿಗೂ ಏನೂ ಆಗಲಿಲ್ಲ. ಆದರೆ ಚಿಕ್ಕಮ್ಮ ಆಮೇಲೆ ಸ್ಟಿಯರಿಂಗ್ ಹಿಡಿದು ರಸ್ತೆಗೆ ಇಳಿಯಲಿಲ್ಲ. ಚಿಕ್ಕಪ್ಪ ಮಾತ್ರ ಅವರನ್ನು ಒತ್ತಾಯದಿಂದ ಕರೆದೊಯ್ದು ಲೈಸೆನ್ಸ್ ರಿನ್ಯೂ ಮಾಡಿಸುತ್ತಲೇ ಇದ್ದರು. ಅದನ್ನೂ ನಾವು ಅವರ ಹುಚ್ಚಾಟಗಳ ಜೊತೆಗೆ ಸೇರಿಸಿ ನಗುತ್ತಿದ್ದೆವು.

"ಬೇಡ ರೀ, ಎಲ್ರೂ ನೋಡ್ತಾರೆ."

"ಎಲ್ರೂ ಊಟ ಮಾಡ್ತಿದಾರೆ. ದಿನಾ ಬೆಳಗ್ಗೆ ಕಾಂಪೌಂಡಲ್ಲಿ ಹಿಂದೆ ಮುಂದೆ ಮಾಡ್ತೀಯಲ್ಲ, ಅದೇ. ಸ್ವಲ್ಪ ಉದ್ದ, ಅಷ್ಟೆ."

ಕೋಚ್ ತನ್ನ ಹೆಲ್ಮೆಟ್ಟನ್ನು ಚಿಕ್ಕಪ್ಪನಿಗೆ ಕೊಟ್ಟಳು. ನಾನು ನನ್ನದನ್ನು ತೊಟ್ಟು ಹಿಂದಿನ ಸೀಟಿನಲ್ಲಿ ಕೂತೆ. ಚಿಕ್ಕಪ್ಪನ ಹೆಲ್ಮೆಟ್ ತೊಟ್ಟ ಚಿಕ್ಕಮ್ಮ ಸ್ಟಿಯರಿಂಗ್ ಮುಂದೆ ಕೂತರು. ಕಾರು ಒಮ್ಮೆ ಕುಪ್ಪಳಿಸಿ ನಿಂತಿತು. ಮತ್ತೆ ಕುಪ್ಪಳಿಸಿ ನಿಂತಿತು.

"ಎದುರಿಗೆ ಯಾರಾದ್ರೂ ಬಂದ್ರೆ?" ಚಿಕ್ಕಮ್ಮ ಕೇಳಿದರು.

"ಬರಲ್ಲ. ಅದಕ್ಕೇ ಇಲ್ಲಿಗೆ ಕರ್ಕೊಂಡ್ ಬಂದಿದ್ದು."

ಕಾರು ಹೊರಟಿತು. ಮೊದಲ ತಿರುವು ದಾಟುವವರೆಗೂ ಚಿಕ್ಕಮ್ಮ ಉಸಿರು ಬಿಟ್ಟಿರಲಿಕ್ಕಿಲ್ಲ. ನೇರ ದಾರಿ ಬಂದಾಗ ಗೇರ್ ಬದಲಿಸಿದರು, ಮತ್ತೆ ಬದಲಿಸಿದರು. ಆ ಕಾರು ಅಷ್ಟು ಜೋರಾಗಿ ಹೋದದ್ದನ್ನು ನಾನೆಂದೂ ಕಂಡಿರಲಿಲ್ಲ. ಚಿಕ್ಕಪ್ಪ ತಲೆಯ ಮೇಲಿನ ಹಿಡಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದರು.

"ರೀ, ಹೆದರಿಕೆ ಆಗ್ತಿದ್ಯಾ?"

"ಇಲ್ಲ. ನೀನು ಮುಂದೆ ನೋಡು."

ಒಂದು ಸುತ್ತಿಗೆ ಮಾತ್ರ ನಮಗೆ ಒಪ್ಪಿಗೆ ಇದ್ದದ್ದು. ಸುತ್ತು ಮುಗಿಯುತ್ತ ಬಂದಾಗ ಕೋಚ್ ಅಂಚಿನಲ್ಲಿ ನಿಂತು ಬಾವುಟ ಬೀಸುತ್ತಿದ್ದಳು.

"ಅದ್ಯಾಕ್ರೀ ಬಾವುಟ ತೋರಿಸ್ತಿದಾಳೆ?" ಎಂದರು ಚಿಕ್ಕಮ್ಮ. ಅವರ ದನಿಯಲ್ಲಿ ನಗು ತುಂಬಿಕೊಂಡಿತ್ತು.

ಇಡೀ ಟ್ರ್ಯಾಕಿನಲ್ಲಿ ಇದ್ದದ್ದು ನಮ್ಮ ಕಾರೊಂದೇ. ಚಿಕ್ಕಪ್ಪ ಬಾವುಟದ ಕಡೆ ನೋಡಿದರು. ಆಮೇಲೆ ಹೆಂಡತಿಯ ಮುಖ ನೋಡಿದರು.

"ಅದು ನಮಗಲ್ಲ," ಎಂದರು, "ನೀನು ಹೋಗು."